ಕದ್ದು ಹಾಡು ಹಾಕುತ್ತಿದ್ದವನು ಹ್ಯಾಮ್ ಆದದ್ದು: ನನ್ನ ಅನುಭವ

2011ರಲ್ಲಿ ನಾನು ತಿಪಟೂರಿನ ಹತ್ತಿರದ ನಮ್ಮೂರಿಂದ ಡಿಪ್ಲೊಮಾಗೆ ಹೋಗಿಬರುತ್ತಿದ್ದೆ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಎಸ್‌ಎಲ್100 ಟ್ರಾನ್ಸಿಸ್ಟರ್, ಯಾವ ಫ್ರೀಕ್ವೆನ್ಸಿಯಲ್ಲಿ ಕಳಿಸಬೇಕೆಂದು ನಿಗದಿ ಮಾಡುವ 7 ಮೆಗಾಹರ್ಟ್ಸ್ ಆಸುಪಾಸಿನ ಒಂದು ಕ್ರಿಸ್ಟಲ್ ತಂದು ಪುಟ್ಟ ಟ್ರಾನ್ಸ್‌ಮಿಟರ್ ಕಟ್ಟಿದೆ. ಮೊಬೈಲ್‌ನಲ್ಲಿ ಹಾಕಿದ ಹಾಡು ಪಕ್ಕದ ಕೋಣೆಯ ರೇಡಿಯೋದಲ್ಲಿ ಬಂತು. ಆ ಖುಷಿಗೆ ತೆಂಗಿನಮರಕ್ಕೆ ತಂತಿ ಕಟ್ಟಿ ಒಂದು ವಾರ ದಿನಾ ಬೆಳಿಗ್ಗೆ ಹಾಡು ಹಾಕಿದೆ.

ಭಾನುವಾರ ನಮ್ಮೂರಿನ ನಿವೃತ್ತ ಮೇಷ್ಟ್ರು ರೇಡಿಯೋ ಹಿಡಿದು ಬಾಗಿಲಿಗೆ ಬಂದರು. ಸದ್ದು ಜೋರಾದ ಕಡೆಗೆ ನಡೆಯುತ್ತಾ ಬಂದಿದ್ದರು. ಅವರು ಹ್ಯಾಮ್, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರು, ಅಂತ ನನಗೆ ಗೊತ್ತಿರಲಿಲ್ಲ.

"ರೇಡಿಯೋದಲ್ಲಿ ನೀನು ಹಾಡು ಹಾಕೋ ಫ್ರೀಕ್ವೆನ್ಸಿ ಜಾಗದಲ್ಲೇ ಬೆಳಿಗ್ಗೆ ನಾವು ಏಳೆಂಟು ಜನ ಮಾತಾಡ್ತೀವಪ್ಪ. ಶುರು ಮಾಡೋ ಮುಂಚೆ ಒಂದ್ಸಲ ಕೇಳಿಸ್ಕೊಂಡ್ಯಾ?"

ಇಲ್ಲ. ಅದು ಹೊಳೆದೇ ಇರಲಿಲ್ಲ. ಲೈಸೆನ್ಸ್ ಇಲ್ಲದೆ ಇಂಥದ್ದನ್ನು ಇಟ್ಟುಕೊಳ್ಳುವುದೇ ಆಗಿನ 1933ರ ವೈರ್‌ಲೆಸ್ ಕಾಯ್ದೆಯಡಿ ಅಪರಾಧ ಎಂದೂ ಅವರೇ ಹೇಳಿದರು. ಲೈಸೆನ್ಸ್ ಇದ್ದರೂ ಹ್ಯಾಮ್‌ಗಳು ಹಾಡು ಹಾಕುವ ಹಾಗಿಲ್ಲ.

ಹಾಗಾಗಿ ಹ್ಯಾಮ್ ಲೈಸೆನ್ಸ್ ಪರೀಕ್ಷೆ ಬರೆಯಲು ಹೊರಟೆ. ಅದರಲ್ಲಿ ರೇಡಿಯೋ ಸಿದ್ಧಾಂತ, ನಿಯಮ ಎರಡೂ ಇರುತ್ತವೆ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕೆ, ಗೆರೆಗಳ ಸಂಕೇತ) ಬೇಡ. ನಾನು ಜನರಲ್ ದರ್ಜೆಗೇ ಕೂತೆ. ಅದಕ್ಕೆ ನಿಮಿಷಕ್ಕೆ 8 ಪದದ ವೇಗದಲ್ಲಿ ಕೇಳಿ ಬರೆಯಬೇಕು, ಕಳಿಸಲೂ ಬೇಕು. ಮೊದಲು ಚುಕ್ಕೆ, ಗೆರೆ ಎಣಿಸುತ್ತಾ ಒದ್ದಾಡಿದೆ. ಮೇಷ್ಟ್ರು ಕಾಗದ ಕಿತ್ತಿಟ್ಟರು. 'ಕ್ಯೂ' ಅಕ್ಷರ ಅಂದ್ರೆ 'ಡಾ ಡಾ ಡಿ ಡಾ' ಅನ್ನೋ ಸದ್ದು, ಅಷ್ಟೇ. ಅಕ್ಷರವನ್ನು ಬೇಗ ನುಡಿಸಿ, ಅಕ್ಷರಗಳ ನಡುವೆ ಜಾಸ್ತಿ ಬಿಡುವು ಕೊಡುತ್ತಿದ್ದರು. ಹಾಗೆ ಕಲಿತದ್ದು ಇವತ್ತಿಗೂ ಮರೆತಿಲ್ಲ. ಕಲಿಯುವವರಿಗೆ ನಾನು ಹೇಳುವುದೂ ಇದನ್ನೇ.

ಪಾಸಾದ ಮೇಲೂ ಲೈಸೆನ್ಸ್‌ಗೆ ತಿಂಗಳುಗಟ್ಟಲೆ ಕಾದೆ. ಅಷ್ಟು ದಿನ ಸುಮ್ನೆ ಕೇಳಿದೆ. ಆಂಟೆನಾ ತಂತಿ ಎಷ್ಟು ಮೀಟರ್ ಬೇಕು ಅನ್ನೋ ಲೆಕ್ಕ ಸುಲಭ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ ಸುಮಾರು 20 ಮೀಟರ್, ಮಧ್ಯದಿಂದ ಆ ಕಡೆ 10, ಈ ಕಡೆ 10. ಸ್ವಲ್ಪ ಉದ್ದವೇ ಕಟ್ಟಿ, ಆಂಟೆನಾ ಎಷ್ಟು ಸರಿಹೊಂದಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ನೋಡುತ್ತಾ ಎರಡೂ ತುದಿ ಸಮನಾಗಿ ಕತ್ತರಿಸುತ್ತಾ ಬನ್ನಿ. ಮಾತು ಕಳಿಸುವ, ಕೇಳುವ ಸೆಟ್‌ಗೆ ಹೈದರಾಬಾದಿನ ಅಶರ್ ಫರ್ಹಾನ್ ಅವರ ಬಿಟ್‌ಎಕ್ಸ್ ವಿನ್ಯಾಸವನ್ನೇ 7 ಮೆಗಾಹರ್ಟ್ಸ್‌ಗೆ ಹೊಂದಿಸಿದೆ. ಐದಾರು ವಾಟ್, ಸಾಕು.

ಲೈಸೆನ್ಸ್ ಬಂದ ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ಟ್ಯೂನ್ ಮಾಡಿದೆ. ಒಬ್ಬರು ಮಾತು ಮುಗಿಸುವವರೆಗೆ ಕಾದು, ನನ್ನ ಕರೆಚಿಹ್ನೆ (ಲೈಸೆನ್ಸ್ ಜೊತೆ ಕೊಟ್ಟ ಗುರುತು) ಒಂದೇ ಸಲ ಹೇಳಿದೆ. ಕೈ ನಡುಗುತ್ತಿತ್ತು.

ಮೇಷ್ಟ್ರ ದನಿ ಬಂತು. "ಬನ್ನಿ, ಚೆನ್ನಾಗಿ ಕೇಳಿಸ್ತಿದೀರಿ."