ಕೈಸುಟ್ಟುಕೊಂಡ ಮೇಲೆ ಹೊಲವನ್ನು ಐದು ತುಂಡು ಮಾಡಿದ ಲೆಕ್ಕ

ನಾಲ್ಕು ಎಕರೆ ಹೊಲವನ್ನು ಒಂದೇ ಹಂಗಾಮಿನಲ್ಲಿ ರಾಸಾಯನಿಕ ಗೊಬ್ಬರದಿಂದ ಬಿಡಿಸಲು ಹೊರಟು ಕೈಸುಟ್ಟುಕೊಂಡವನು ನಾನು. ಈಗ ದಾರಿ ಕೇಳಿಕೊಂಡು ಬರುವವರಲ್ಲಿ ಹಲವರು ಆಗ ನನ್ನ ಬದುವಿನ ಮೇಲೆ ನಿಂತು ನಕ್ಕವರೇ ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ವರ್ಷ ಒಣಹುಲ್ಲನ್ನೆಲ್ಲ ಹಸಿಸೊಪ್ಪಿನ ಜೊತೆಯಿಲ್ಲದೆ ನೇರವಾಗಿ ಮಣ್ಣಿಗೆ ಸೇರಿಸಿ ಉತ್ತೆ. ಧಾನ್ಯದ ಹುಲ್ಲಿನಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣ ಸುಮಾರು 80ಕ್ಕೆ 1. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಕಡಿಮೆಬಿದ್ದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಂಡವು, ಬೆಳೆ ಕೆಳಗಿನ ಎಲೆಯ ತುದಿಯಿಂದ ಹಳದಿಯಾಗುತ್ತ ಬಂತು. ಇಳುವರಿ ಹತ್ತಿರಹತ್ತಿರ ಮೂರನೆಯ ಒಂದು ಭಾಗ ಇಳಿಯಿತು, ಕಳೆ ಕೀಳುವ ಕೂಲಿ ದುಪ್ಪಟ್ಟಾಯಿತು. ಹನಿ ನೀರಾವರಿಯ ಪೈಪು ಮತ್ತು ಹುಲ್ಲು ಕತ್ತರಿಸುವ ಯಂತ್ರಕ್ಕೆ ಮಾಡಿದ್ದ ಸಾಲದ ಮೊದಲ ಕಂತು ಮಾತ್ರ ಕೊಯ್ಲಿನ ಬೆನ್ನಿಗೇ ಬಂತು. ಗೊಬ್ಬರಕ್ಕೆ ಆಧಾರವಾಗಿದ್ದ ಎರಡು ಹಸುಗಳನ್ನೇ ಮಾರಿ ಅದನ್ನು ಕಟ್ಟಿದೆ.

ಖರ್ಚು ಹೆಚ್ಚೆಂಬುದಕ್ಕಿಂತ, ಖರ್ಚು ಮೊದಲು ಬಂದು ಆದಾಯ ಕೊನೆಗೆ ಬರುವುದೇ ನನ್ನನ್ನು ಕೆಡವಿತೆಂದು ಲೆಕ್ಕದ ಪುಸ್ತಕ ಬಿಚ್ಚಿ ಕುಳಿತಾಗ ತಿಳಿಯಿತು. ಸಾಲ ಕೊಡುವವರಿಗೆ ಬರುವ ಕೊಯ್ಲಿನ ಲೆಕ್ಕ ಬೇಕು. ಮಣ್ಣು ಚೇತರಿಸಿಕೊಳ್ಳಲು ಮೂರು ವರ್ಷವಾದರೂ ಬೇಕು. ಸಾವಯವ ದೃಢೀಕರಣಕ್ಕೂ ಸಾಮಾನ್ಯವಾಗಿ ಎರಡು ಮೂರು ವರ್ಷ ಕಾಯಬೇಕು, ಅಲ್ಲಿಯವರೆಗೆ ಹೆಚ್ಚಿನ ಬೆಲೆಯ ಮಾತಿಲ್ಲ.

ಹಾಗಾಗಿ ಹೊಲವನ್ನು ಐದು ತುಂಡು ಮಾಡಿ, ಒಂದನ್ನು ಮಾತ್ರ ಬದಲಿಸಿದೆ. ಅಲ್ಲಿ ಮತ್ತೆ ಮೂರನೆಯ ಒಂದು ಭಾಗ ಹೋದರೂ ಇಡೀ ಹೊಲಕ್ಕೆ ಹದಿನೈದರಲ್ಲಿ ಒಂದು ಪಾಲಿನ ನಷ್ಟ. ಅಷ್ಟನ್ನು ಮನೆ ತಡೆಯುತ್ತದೆ. ರಾಸಾಯನಿಕ ಗೊಬ್ಬರವನ್ನೂ ಒಮ್ಮೆಗೇ ನಿಲ್ಲಿಸದೆ ಮೊದಲ ವರ್ಷ ಕಾಲುಭಾಗ, ಎರಡನೆಯ ವರ್ಷ ಅರ್ಧ ಇಳಿಸಿ, ಮೂರನೆಯ ವರ್ಷ ಪೂರ್ತಿ ಬಿಟ್ಟೆ. ಉಳಿದ ಹಣ ಬೇರೆಯದೇ ಒಂದು ಪೆಟ್ಟಿಗೆಗೆ ಹೋಗುತ್ತಿತ್ತು. ಅದರ ಕೀಲಿಕೈ ನನ್ನ ಹೆಂಡತಿಯ ಬಳಿ ಇದ್ದುದರಿಂದಲೇ ಹಣ ಉಳಿಯಿತು ಎನ್ನಬೇಕು. ಮುಂದಿನ ತುಂಡಿನ ಬೀಜ, ಕೂಲಿ ಎಲ್ಲವೂ ಅದರಿಂದಲೇ. ಪೆಟ್ಟಿಗೆಯಲ್ಲಿ ಸಾಲದೆಹೋದ ವರ್ಷ ಅರ್ಧ ತುಂಡನ್ನಷ್ಟೇ ಬದಲಿಸಿದ್ದೂ ಉಂಟು, ಆದ್ದರಿಂದ ಐದು ವರ್ಷದ ಲೆಕ್ಕ ಏಳಕ್ಕೆ ಹೋಯಿತು.

ಹಸಿರುಗೊಬ್ಬರಕ್ಕೆ ಸೆಣಬು ಮತ್ತು ಅಲಸಂದೆಯನ್ನು ಬೆರಸಿ ಬಿತ್ತಿ, 45–50 ದಿನಕ್ಕೆ ಮೊದಲ ಹೂವು ಕಂಡ ಕೂಡಲೇ ಮಣ್ಣಿಗೆ ಸೇರಿಸಿದೆ. ತಡಮಾಡಿದರೆ ದಂಟು ನಾರಾಗಿ ಹಳೆಯ ಹಳದಿಯೇ ಮರಳುತ್ತದೆ. ಒಂದು ಮೂಲೆಯನ್ನು ಬೀಜಕ್ಕೆ ಬಿಟ್ಟದ್ದರಿಂದ ಎರಡನೆಯ ವರ್ಷದಿಂದ ಬೀಜದ ಖರ್ಚೂ ಇಲ್ಲ. ಬೆರಕೆಯ ಪ್ರಮಾಣವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ನಾಲ್ಕು ಹಂಗಾಮು ತೆತ್ತಿದ್ದೇನೆ.

ನಡುವೆ, ಹತ್ತಿಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಎಷ್ಟು ಚುರುಕಾಗಿವೆಯೆಂದು ನೋಡಲು ಒಂದು ಹುಡುಗಾಟವನ್ನೂ ಮಾಡಿದೆ. ಹಳೆಯ ಹತ್ತಿಯ ಬನಿಯನ್ನುಗಳನ್ನು ಬದಲಾದ ತುಂಡಿನಲ್ಲೊಂದು, ಬದಲಾಗದ ತುಂಡಿನಲ್ಲೊಂದು ಗೇಣುದ್ದ ಆಳದಲ್ಲಿ ಹೂತು, ಎರಡು ತಿಂಗಳ ಮೇಲೆ ಅಗೆದು ನೋಡಿದೆ. ಬದಲಾಗದ ಕಡೆಯದನ್ನು ಒಗೆದು ತೊಡಬಹುದಿತ್ತು. ಇನ್ನೊಂದರಲ್ಲಿ ಉಳಿದದ್ದು ಹೊಲಿಗೆಯ ಪಾಲಿಯೆಸ್ಟರ್ ದಾರ ಮಾತ್ರ. ನಕ್ಕವರಲ್ಲಿ ಇಬ್ಬರು ಅದನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ತಮ್ಮ ಹೊಲದಲ್ಲಿ ಒಂದೊಂದು ತುಂಡು ಬಿಟ್ಟುಕೊಟ್ಟರು.

ಇಂಥ ಬೇಸಾಯಕ್ಕೆ 'ಶೂನ್ಯ ಖರ್ಚು' ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಮನೆಯವರ ದುಡಿಮೆಯನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲ ತುಂಡಿನ ಇಳುವರಿ ನಾಲ್ಕನೆಯ ವರ್ಷ ಹಳೆಯ ಮಟ್ಟಕ್ಕೆ ಬಂತು, ಹೊರಗಿನಿಂದ ತರುವ ಸಾಮಗ್ರಿಯ ಖರ್ಚು ಸರಿಸುಮಾರು ಅರ್ಧಕ್ಕಿಳಿದಿದೆ. ಪೆಟ್ಟಿಗೆಯ ಹಣದಿಂದ ಕಳೆದ ವರ್ಷ ಒಂದು ಹಸು ಕೊಂಡೆವು. ಎರಡನೆಯದಕ್ಕೆ ಇನ್ನೊಂದು ಕೊಯ್ಲು ಬೇಕು.