ಅಣುವಿದ್ಯುತ್ ಸ್ಥಾವರದ ಸೈಬರ್ ತಪಾಸಣೆ: ಕೊಡಗಿನ ಯುವ ಎಂಜಿನಿಯರುಗಳಿಗೆ ಒಂದು ಕೈಪಿಡಿ

ಪೊನ್ನಂಪೇಟೆ ಅಥವಾ ಕುಶಾಲನಗರದ ಎಂಜಿನಿಯರಿಂಗ್ ಕಾಲೇಜಿನಿಂದ ಹೊರಬರುವ ವಿದ್ಯಾರ್ಥಿಗಳಿಗೆ ಸೈಬರ್ ಭದ್ರತೆ ಎಂದೊಡನೆ ಬೆಂಗಳೂರಿನ ಬ್ಯಾಂಕುಗಳೂ ಸಾಫ್ಟ್‌ವೇರ್ ಕಂಪನಿಗಳೂ ನೆನಪಾಗುತ್ತವೆಯೇ ಹೊರತು ಅಣುವಿದ್ಯುತ್ ಸ್ಥಾವರ ನೆನಪಾಗುವುದಿಲ್ಲ. ರಾಜ್ಯದ ಅಣುವಿದ್ಯುತ್ ಕೇಂದ್ರವಿರುವುದು ದೂರದ ಉತ್ತರ ಕನ್ನಡದ ಕೈಗಾದಲ್ಲಿ. ಅಲ್ಲಿರುವ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳ ವಿಷಯ ನಮ್ಮ ಊರುಗಳ ಮಾತಿನಲ್ಲಿ ಬರುವುದೇ ಅಪರೂಪ. ಆದರೆ ತಾಳ್ಮೆಯಿಂದ ಓದಬಲ್ಲ, ಖಚಿತವಾಗಿ ಬರೆಯಬಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೆ ಬಿಡದೆ ಕೇಳಬಲ್ಲ ಎಂಜಿನಿಯರಿಗೆ ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸವಿದೆ.

ಮೊದಲು ಕೆಲಸ ಯಾವುದೆಂದು ಸ್ಪಷ್ಟಪಡಿಸಿಕೊಳ್ಳಬೇಕು. ಸ್ಥಾವರದ ಕಂಪ್ಯೂಟರುಗಳನ್ನು ಕಾಯುವವರು ಸ್ಥಾವರದ ಸಿಬ್ಬಂದಿ. ಆ ಕಾವಲು ಸರಿಯಾಗಿದೆಯೇ ಎಂದು ಪುರಾವೆ ಕೇಳಿ ನೋಡುವವರು ತಪಾಸಕರು. ಬ್ರಿಟನ್ನಿನಲ್ಲಿ ಆಫೀಸ್ ಫಾರ್ ನ್ಯೂಕ್ಲಿಯರ್ ರೆಗ್ಯುಲೇಶನ್ ಎಂಬ ನಿಯಂತ್ರಣ ಸಂಸ್ಥೆಯಲ್ಲಿ ಇದಕ್ಕೆಂದೇ ಇನ್‌ಸ್ಪೆಕ್ಟರುಗಳಿದ್ದಾರೆ. ನಮ್ಮ ದೇಶದಲ್ಲಿ ಈ ಹೊಣೆ ಹಲವು ಕಡೆ ಹಂಚಿಹೋಗಿದೆ: 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಪರಮಾಣು ಶಕ್ತಿ ಇಲಾಖೆಯ ಕಂಪ್ಯೂಟರ್ ಭದ್ರತಾ ಸಲಹಾ ತಂಡ, ದೇಶದ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಸರ್ಟ್-ಇನ್, ಇವೆಲ್ಲವೂ ತಮ್ಮ ತಮ್ಮ ಪಾಲನ್ನು ನಿರ್ವಹಿಸುತ್ತವೆ. ಆದ್ದರಿಂದ ಹುದ್ದೆಯ ಹೆಸರನ್ನು ಹುಡುಕಿಕೊಂಡು ಕೂರುವುದಕ್ಕಿಂತ ಈ ಸಂಸ್ಥೆಗಳಿಗೂ ಅಣುವಿದ್ಯುತ್ ಸ್ಥಾವರಗಳನ್ನು ನಡೆಸುವ ಸರ್ಕಾರಿ ಕಂಪನಿ ಎನ್‌ಪಿಸಿಐಎಲ್‌ಗೂ ಪ್ರವೇಶ ಹೇಗೆಂದು ತಿಳಿದುಕೊಳ್ಳುವುದು ಲೇಸು.

ಓದಿನ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಕಂಪ್ಯೂಟರ್ ಸೈನ್ಸ್ ಪದವಿಗಿಂತ ಎಲೆಕ್ಟ್ರಾನಿಕ್ಸ್ ಅಥವಾ ಇನ್‌ಸ್ಟ್ರುಮೆಂಟೇಶನ್ ಪದವಿ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಏಕೆಂದರೆ ಜಾಲದ ವಿದ್ಯೆಯನ್ನು ಎರಡು ವರ್ಷದಲ್ಲಿ ಕಲಿಯಬಹುದು, ಆದರೆ ಒಂದು ವಾಲ್ವ್ ಏಕೆ ತೆರೆಯಿತು, ಅದನ್ನು ತೆರೆಯಿಸಿದ ಸಂಕೇತ ಎಲ್ಲಿಂದ ಹೊರಟಿತು ಎಂದು ತಂತಿ ಹಿಡಿದು ಹೋಗಬಲ್ಲ ಗ್ರಹಿಕೆ ಅಷ್ಟು ಬೇಗ ಬರುವುದಿಲ್ಲ. ಗೇಟ್ ಪರೀಕ್ಷೆಯ ಅಂಕಗಳ ಮೇಲೆ ಎನ್‌ಪಿಸಿಐಎಲ್ ತರಬೇತಿ ಎಂಜಿನಿಯರುಗಳನ್ನು ಆಯ್ದುಕೊಳ್ಳುತ್ತದೆ. 1957ರಿಂದ ನಡೆದುಬಂದಿರುವ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ತರಬೇತಿ ಶಾಲೆಯಿಂದ ಹೊರಬಂದವರಲ್ಲಿ ಕೆಲವರು ನಿಯಂತ್ರಣ ಮಂಡಳಿಗೂ ಸೇರುತ್ತಾರೆ. ನೇರವಾಗಿ ತಪಾಸಣೆಗೆ ಇಳಿಯುವ ಬದಲು ಕೆಲವು ವರ್ಷ ನಿಯಂತ್ರಣ ವ್ಯವಸ್ಥೆಗಳ ನಿರ್ವಹಣೆಯಲ್ಲಿ ಕೈ ಕೆಸರು ಮಾಡಿಕೊಂಡರೆ ಒಳ್ಳೆಯದು. ಅದು ಅಣುಸ್ಥಾವರವೇ ಆಗಬೇಕೆಂದಿಲ್ಲ. ಸಬ್‌ಸ್ಟೇಶನ್, ಜಲವಿದ್ಯುತ್ ಕೇಂದ್ರ, ಕೊನೆಗೆ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಸಂಸ್ಕರಣಾ ಘಟಕವಾದರೂ ಆದೀತು. ಕಾಳುಗಳನ್ನು ಬಣ್ಣ ನೋಡಿ ಬೇರ್ಪಡಿಸುವ ಯಂತ್ರದ ಪ್ಯಾನೆಲ್ ತೆರೆಸಿ, ಒಳಗೆ ಯಂತ್ರವನ್ನು ನಡೆಸುವ ಪುಟ್ಟ ನಿಯಂತ್ರಣ ಕಂಪ್ಯೂಟರಾದ ಪಿಎಲ್‌ಸಿಗೆ ಪಾಸ್‌ವರ್ಡ್ ಇದೆಯೇ, ಅದರ ಪ್ರೋಗ್ರಾಮಿನ ಪ್ರತಿ ಯಾರ ಲ್ಯಾಪ್‌ಟಾಪಿನಲ್ಲಿದೆ, ರಿಪೇರಿಗೆ ಬಂದವರು ಪೆನ್‌ಡ್ರೈವ್ ಹಾಕಿದರೇ ಎಂದು ಕೇಳಿನೋಡಿ. ಈ ಮೂರು ಪ್ರಶ್ನೆಗಳನ್ನು ಅಣುಸ್ಥಾವರದಲ್ಲೂ ಕೇಳಬೇಕಾಗುತ್ತದೆ.

ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಭದ್ರತಾ ಮಾಲಿಕೆಯಲ್ಲಿ ಕಂಪ್ಯೂಟರ್ ಭದ್ರತೆಯ ಬಗೆಗಿನ ಮೂರು ಪುಸ್ತಕಗಳು ಉಚಿತವಾಗಿ ಸಿಗುತ್ತವೆ: 2018ರ 33-ಟಿ, 2021ರ 42-ಜಿ, ಅದೇ ವರ್ಷ ಪರಿಷ್ಕರಣೆಗೊಂಡ 17-ಟಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಯಾವಾಗ ಕೈಕೊಡುತ್ತವೆಂದು ಹೇಳಲಾಗದ ಕಾರಣ ಮೊದಲೇ ಇಳಿಸಿಕೊಂಡು ಮುದ್ರಿಸಿಟ್ಟುಕೊಳ್ಳಿ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಬಿಗಿ ಬೇಡ, ರಿಯಾಕ್ಟರನ್ನು ನಿಲ್ಲಿಸುವ ವ್ಯವಸ್ಥೆಗೆ ಅತಿ ಹೆಚ್ಚಿನ ಬಿಗಿ, ಕಚೇರಿಯ ಗಣಕಗಳಿಗೆ ಅದಕ್ಕಿಂತ ಕಡಿಮೆ ಬಿಗಿ ಎಂಬ ಶ್ರೇಣೀಕರಣದ ವಿಚಾರವೇ ಇವುಗಳ ಜೀವಾಳ.

ಹಿನ್ನೆಲೆ ಪರಿಶೀಲನೆಯಲ್ಲಿ ಕೊಡಗಿನವರಿಗೆ ಒಂದು ವಿಶೇಷ ತೊಡಕಿದೆ. ಕೊಡವ ಕುಟುಂಬಗಳಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಶಾಲೆಯ ಅಂಕಪಟ್ಟಿಯಲ್ಲಿ ಅದು ಒಂದಕ್ಷರಕ್ಕೆ ಇಳಿದು, ಆಧಾರ್‌ನಲ್ಲಿ ಪೂರ್ತಿಯಾಗಿ, ಪಾಸ್‌ಪೋರ್ಟಿನಲ್ಲಿ ಕೊನೆಗೆ ಹೋಗಿ ಕುಳಿತಿರುವುದು ಸಾಮಾನ್ಯ. ಅರ್ಜಿ ಹಾಕುವ ಮುನ್ನವೇ ಇವನ್ನೆಲ್ಲ ಒಂದೇ ರೂಪಕ್ಕೆ ತಂದುಕೊಳ್ಳಿ, ವಾಸವಿದ್ದ ವಿಳಾಸಗಳನ್ನು ದಿನಾಂಕಸಹಿತ ಬರೆದಿಡಿ. ಕೆಲಸ ಸಿಕ್ಕಮೇಲೆ, ಪುತ್ತರಿ ಹಬ್ಬಕ್ಕೆ ಊರಿಗೆ ಬಂದಾಗ ನೆಂಟರು ವಿಚಾರಿಸಿದರೆ ಸರ್ಕಾರಿ ಎಂಜಿನಿಯರ್ ಎಂದಷ್ಟೇ ಹೇಳಿ ಮಾತು ಬದಲಿಸುವುದನ್ನೂ ಕಲಿಯಬೇಕು.

ಇನ್ನು ತಪಾಸಣೆಯ ವಿಷಯ. ಸ್ಥಾವರಕ್ಕೆ ಹೋಗುವ ಮುನ್ನ ಅದರ ಭದ್ರತಾ ಯೋಜನೆ, ಜಾಲದ ನಕ್ಷೆ, ಉಪಕರಣಗಳ ಪಟ್ಟಿ, ಹಿಂದಿನ ತಪಾಸಣಾ ವರದಿ ಇವನ್ನು ಓದಿ, ಒಂದಕ್ಕೊಂದು ಹೊಂದದ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಇಡೀ ಸ್ಥಾವರವನ್ನು ಒಂದೇ ಬಾರಿಗೆ ನೋಡುವ ಆಸೆ ಬೇಡ. ಒಂದು ಎಳೆಯನ್ನು ಹಿಡಿದು ಕೊನೆಯವರೆಗೆ ಹೋಗಿ: ಉದಾಹರಣೆಗೆ, ಕಳೆದ ವಾರ್ಷಿಕ ನಿರ್ವಹಣೆಯಲ್ಲಿ ಟರ್ಬೈನ್ ನಿಯಂತ್ರಕವನ್ನು ಸರಿಪಡಿಸಲು ಬಂದ ಗುತ್ತಿಗೆದಾರರ ಲ್ಯಾಪ್‌ಟಾಪ್. ಅದು ಗೇಟಿನ ಪುಸ್ತಕದಲ್ಲಿ ದಾಖಲಾಗಿದೆಯೇ, ವೈರಸ್ ಪರೀಕ್ಷೆ ಯಾವ ಯಂತ್ರದಲ್ಲಿ ನಡೆಯಿತು, ಆ ಯಂತ್ರವನ್ನು ಕೊನೆಯ ಬಾರಿ ಅಪ್‌ಡೇಟ್ ಮಾಡಿದ್ದು ಯಾವಾಗ, ನಿಯಂತ್ರಕಕ್ಕೆ ಜೋಡಿಸುವಾಗ ಪಕ್ಕದಲ್ಲಿ ಯಾರಿದ್ದರು, ಕೆಲಸ ಮುಗಿದ ಮೇಲೆ ಪ್ರೋಗ್ರಾಮನ್ನು ಮೂಲಪ್ರತಿಯೊಡನೆ ಹೋಲಿಸಿದರೇ ಎಂದು ಪ್ರತಿ ಹೆಜ್ಜೆಗೂ ಕಾಗದವನ್ನೋ ಯಂತ್ರವೇ ಬರೆದಿಡುವ ದಾಖಲೆಯಾದ ಲಾಗನ್ನೋ ಕೇಳಿ. ಇದು ಅತಿಯಾಯಿತು ಎನಿಸಿದವರು 2003ರ ಜನವರಿಯಲ್ಲಿ ಅಮೆರಿಕದ ಡೇವಿಸ್-ಬೆಸ್ ಸ್ಥಾವರದಲ್ಲಿ ನಡೆದುದನ್ನು ನೋಡಬಹುದು. ಅಲ್ಲಿ ಗುತ್ತಿಗೆದಾರರ ಸಂಪರ್ಕವೊಂದು ಹೊರಗಿನಿಂದ ಬರುವುದನ್ನು ತಡೆಯುವ ಫೈರ್‌ವಾಲನ್ನು ತಪ್ಪಿಸಿ ಹಾದುಹೋಗಿತ್ತು. ಅದರ ಮೂಲಕ ಸ್ಲ್ಯಾಮರ್ ಎಂಬ, ತಾನಾಗಿಯೇ ಹರಡುವ ವರ್ಮ್ ಒಳಹೊಕ್ಕು ಸುರಕ್ಷತಾ ಮಾಹಿತಿ ತೋರಿಸುವ ವ್ಯವಸ್ಥೆಯನ್ನು ಸುಮಾರು ಐದು ಗಂಟೆ ಸ್ತಬ್ಧಗೊಳಿಸಿತು. ರಿಯಾಕ್ಟರ್ ಆಗಲೇ ನಿಂತಿದ್ದುದರಿಂದ ಅನಾಹುತವಾಗಲಿಲ್ಲ.

ನಕ್ಷೆಯಲ್ಲಿರುವುದಕ್ಕೂ ನೆಲದ ಮೇಲಿರುವುದಕ್ಕೂ ಇರುವ ಅಂತರವನ್ನು ನಾವು ಆನೆ ಕಂದಕದಲ್ಲಿ ಕಂಡೇ ಇದ್ದೇವೆ: ದಾಖಲೆಯಲ್ಲಿ ಕಂದಕ ಉದ್ದಕ್ಕೂ ಇರುತ್ತದೆ, ಎರಡು ಮಳೆಗಾಲಕ್ಕೆ ಮಣ್ಣು ಜರಿದು ತುಂಬಿದ ಜಾಗದಲ್ಲಿ ಆನೆ ತೋಟಕ್ಕೆ ಇಳಿದಿರುತ್ತದೆ. ನಿಯಂತ್ರಣ ಜಾಲಕ್ಕೆ ಹೊರಗಿನ ಸಂಪರ್ಕವೇ ಇಲ್ಲ ಎಂಬ ಉತ್ತರ ಬಂದಾಗ ಕ್ಯಾಬಿನೆಟ್ ತೆರೆಸಿ, ಪ್ರತಿ ಕೇಬಲ್ ಎಲ್ಲಿಗೆ ಹೋಗುತ್ತದೆಂದು ನಕ್ಷೆಯೊಡನೆ ತಾಳೆ ನೋಡಿ. ಸಂಪರ್ಕವಿಲ್ಲದಿದ್ದರೂ ಪೆನ್‌ಡ್ರೈವ್ ಇದ್ದೇ ಇರುತ್ತದೆ. 2016ರಲ್ಲಿ ಜರ್ಮನಿಯ ಗುಂಡ್ರೆಮಿಂಗೆನ್ ಸ್ಥಾವರದ ಇಂಧನ ಸಾಗಣೆಗೆ ಸಂಬಂಧಿಸಿದ ಕಂಪ್ಯೂಟರಿನಲ್ಲಿ ವೈರಸ್ ಸಿಕ್ಕಿತು, ಜೊತೆಗೆ 18 ಪೆನ್‌ಡ್ರೈವ್‌ನಂಥ ಸಾಧನಗಳಲ್ಲೂ ಸಿಕ್ಕಿತು.

ಒಂದು ನಿಯಮವನ್ನು ಎಂದೂ ಮುರಿಯಬಾರದು: ನಡೆಯುತ್ತಿರುವ ವ್ಯವಸ್ಥೆಯ ಕೀಬೋರ್ಡನ್ನು ತಪಾಸಕರು ಮುಟ್ಟಬಾರದು, ಜಾಲದ ದೋಷ ಹುಡುಕುವ ಸ್ಕ್ಯಾನರನ್ನು ಜೋಡಿಸಲೇಬಾರದು. ಹಳೆಯ ಪಿಎಲ್‌ಸಿಗಳು ಕಚೇರಿ ಜಾಲದ ಸ್ಕ್ಯಾನಿಗೇ ಹ್ಯಾಂಗ್ ಆಗಿಬಿಡಬಲ್ಲವು. ಬೇಕಾದುದನ್ನು ಆಪರೇಟರ್ ತೋರಿಸಲಿ, ನೀವು ನೋಡಿ ಬರೆದುಕೊಳ್ಳಿ.

ಕಚೇರಿಯ ಗಣಕಗಳನ್ನು ಹಗುರವಾಗಿ ಕಾಣುವುದೂ ತಪ್ಪು. 2019ರ ಸೆಪ್ಟೆಂಬರಿನಲ್ಲಿ ಸರ್ಟ್-ಇನ್ ತಿಳಿಸಿದ, ಅಕ್ಟೋಬರ್ 30ರಂದು ಎನ್‌ಪಿಸಿಐಎಲ್ ಒಪ್ಪಿಕೊಂಡ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಪ್ರಕರಣದಲ್ಲಿ ಮಾಲ್‌ವೇರ್ ಇದ್ದದ್ದು ಆಡಳಿತದ ಕೆಲಸಕ್ಕೆ ಅಂತರ್ಜಾಲಕ್ಕೆ ಜೋಡಿಸಿದ್ದ ಒಂದು ಪಿಸಿಯಲ್ಲಿ. ಸ್ಥಾವರದ ನಿಯಂತ್ರಣ ವ್ಯವಸ್ಥೆಗೆ ಅದು ತಾಗಿರಲಿಲ್ಲ ಎಂದು ಸಂಸ್ಥೆ ಹೇಳಿತು. ಆದರೂ ಸ್ಥಾವರದ ಬಗೆಗಿನ ಮಾಹಿತಿ ಇರುವುದು ಇಂಥ ಪಿಸಿಗಳಲ್ಲೇ. ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಘಟನೆಯನ್ನು 6 ಗಂಟೆಯೊಳಗೆ ತಿಳಿಸಬೇಕು, ಲಾಗುಗಳನ್ನು 180 ದಿನ ಇಡಬೇಕು. ಇಟ್ಟಿದ್ದೇವೆ ಎಂಬ ಮಾತನ್ನು ಕೇಳಿ ಸುಮ್ಮನಾಗದೆ, 170 ದಿನಗಳ ಹಿಂದಿನ ಒಂದು ದಿನವನ್ನು ಹೆಸರಿಸಿ ಅಂದಿನ ಲಾಗನ್ನು ತೆರೆಸಿ ನೋಡಿ. ಗಡಿಯಾರಗಳು ಎಲ್ಲ ಯಂತ್ರಗಳಲ್ಲೂ ಒಂದೇ ಸಮಯ ತೋರಿಸುತ್ತಿವೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ವರದಿ ಬರೆಯುವುದರಲ್ಲಿ ಅನೇಕ ಜಾಣರು ಸೋಲುತ್ತಾರೆ. "ಪೆನ್‌ಡ್ರೈವ್ ನಿಯಂತ್ರಣ ಸಮರ್ಪಕವಾಗಿಲ್ಲ" ಎಂಬ ವಾಕ್ಯದಿಂದ ಯಾರೂ ಏನನ್ನೂ ಸರಿಪಡಿಸಲಾರರು. "ಎರಡನೇ ಘಟಕದ ಎಂಜಿನಿಯರಿಂಗ್ ಗಣಕದಲ್ಲಿ ಯುಎಸ್‌ಬಿ ಪೋರ್ಟ್ ತೆರೆದಿತ್ತು, ಭದ್ರತಾ ಯೋಜನೆಯ ಪ್ರಕಾರ ಅದು ಮುಚ್ಚಿರಬೇಕು, ತೆರೆಯಲು ಅನುಮತಿ ಪಡೆದ ದಾಖಲೆ ಸಿಗಲಿಲ್ಲ" ಎಂದು ಬರೆದರೆ ಕಂಡದ್ದು, ಇರಬೇಕಾದ್ದು, ಇಲ್ಲದ್ದು ಮೂರೂ ಬಂದವು. ಊಹೆ, ಕೋಪ, ವಿಶೇಷಣ ಯಾವುದೂ ಬೇಡ, ಏಕೆಂದರೆ ವರದಿ ಮುಂದೆ ನ್ಯಾಯಾಲಯಕ್ಕೂ ಹೋಗಬಹುದು. ಬ್ರಿಟನ್ನಿನಲ್ಲಿ ಅಣುತ್ಯಾಜ್ಯದ ತಾಣವನ್ನು ನೋಡಿಕೊಳ್ಳುವ ಸೆಲ್ಲಾಫೀಲ್ಡ್ ಕಂಪನಿಗೆ 2024ರ ಅಕ್ಟೋಬರಿನಲ್ಲಿ 3,32,500 ಪೌಂಡ್ ದಂಡ ಬಿತ್ತು. ಯಾರೋ ನುಗ್ಗಿದ್ದರು ಎಂಬುದಕ್ಕೆ ಸಾಕ್ಷ್ಯವಿರಲಿಲ್ಲ. ಸೂಕ್ಷ್ಮ ಮಾಹಿತಿಗೆ ತಕ್ಕ ರಕ್ಷಣೆ ಕೊಡದಿದ್ದುದೂ, ಪ್ರತಿ ವರ್ಷ ಮಾಡಿಸಬೇಕಾದ ಪರೀಕ್ಷೆಗಳನ್ನು ಮಾಡಿಸದಿದ್ದುದೂ ಅಪರಾಧವೆಂದು ಕಂಪನಿಯೇ ಒಪ್ಪಿಕೊಂಡಿತು.

ಪ್ರತಿ ಲೋಪಕ್ಕೂ ಅದರ ತೀವ್ರತೆಗೆ ತಕ್ಕ ಗಡುವು ಕೊಡಿ. ರಿಯಾಕ್ಟರ್ ನಡೆಯುತ್ತಿರುವಾಗ ಸರಿಪಡಿಸಲಾಗದ್ದಕ್ಕೆ ಮುಂದಿನ ನಿಲುಗಡೆಯವರೆಗೆ ಸಮಯ ಕೊಟ್ಟು, ಅಲ್ಲಿಯವರೆಗಿನ ತಾತ್ಕಾಲಿಕ ಕ್ರಮವೇನೆಂದು ಬರೆಸಿಕೊಳ್ಳಿ. ಗಡುವು ಮುಗಿದಾಗ ಸರಿಪಡಿಸಲಾಗಿದೆ ಎಂಬ ಇಮೇಲ್ ಬರುತ್ತದೆ. ಅದನ್ನು ನಂಬಿ ಕಡತ ಮುಚ್ಚದೆ, ಮುಚ್ಚಿದ ಪೋರ್ಟಿನ ಫೋಟೋ, ಬದಲಾದ ಸೆಟ್ಟಿಂಗಿನ ಪ್ರತಿ, ಕೆಲಸ ಮಾಡಿದವರ ಸಹಿ ಇವನ್ನು ತರಿಸಿಕೊಂಡು, ಮುಂದಿನ ಭೇಟಿಯಲ್ಲಿ ಅದೇ ಗಣಕದ ಮುಂದೆ ನಿಂತು ನೋಡಿದ ಮೇಲೆ ಸಹಿ ಹಾಕಿ.