ಬರ್ನಿನಾ ಘಟ್ಟ ದಾಟಿ ಇಟಲಿಗೆ

ಜೂರಿಕ್‌ನಿಂದ ಮಿಲಾನ್‌ಗೆ ಹೊರಡುವ ನೇರ ರೈಲು 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗವನ್ನು ಹೊಕ್ಕು ಸುಮಾರು ಮೂರೂವರೆ ಗಂಟೆಯಲ್ಲಿ ಊರು ಮುಟ್ಟಿಸುತ್ತದೆ. ನಾನು ಅದನ್ನು ಬಿಟ್ಟು ಕೂರ್, ಸೇಂಟ್ ಮೊರಿಟ್ಸ್‌ಗಳ ಮೂಲಕ ಬರ್ನಿನಾ ಘಟ್ಟವನ್ನು ಹತ್ತಿಳಿದು ಇಟಲಿಯ ತಿರಾನೋ ಸೇರುವ ದಾರಿಯನ್ನು ಹಿಡಿದೆ. ಹಗಲೆಲ್ಲ ಅದಕ್ಕೇ ಹೋಯಿತು, ಹೋದದ್ದು ಸಾರ್ಥಕವೇ.

ಹೆಸರಾಂತ ಬರ್ನಿನಾ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಮುಂಗಡವಾಗಿ ಕಾದಿರಿಸಬೇಕು, ಅದಕ್ಕೆ ಬೇರೆ ಶುಲ್ಕವನ್ನೂ ತೆರಬೇಕು. ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ಪ್ರಾದೇಶಿಕ ರೈಲಿಗೆ ಇವೆರಡೂ ಬೇಕಿಲ್ಲ. ಮೇಲಾಗಿ ನಾನು ಕುಳಿತ ಹಳೆಯ ಬೋಗಿಯ ಕಿಟಕಿಯನ್ನು ಕೆಳಗಿಳಿಸಬಹುದಾಗಿದ್ದರಿಂದ, ತಿರುವುಗಳಲ್ಲಿ ಚಕ್ರ ಕಿರುಗುಟ್ಟುವ ಸದ್ದೂ ಹಿಮದ ಮೇಲಿನಿಂದ ಬರುವ ಗಾಳಿಯೂ ನೇರವಾಗಿ ಒಳಗೆ ಬರುತ್ತಿದ್ದವು. ತಿರಾನೋ ಕಡೆಗೆ ಹೋಗುವವರು ಬಲಬದಿಯಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು.

1910ರಲ್ಲಿ ಪೂರ್ಣಗೊಂಡ ಈ ಮೀಟರ್ ಗೇಜ್ ಮಾರ್ಗವು ಹಲ್ಲುಹಳಿಯ (ಕಡಿದಾದ ಏರಿನಲ್ಲಿ ರೈಲಿನ ಹಲ್ಲುಚಕ್ರ ಕಚ್ಚಿಕೊಳ್ಳುವ ಹಳಿ) ನೆರವಿಲ್ಲದೆ 2253 ಮೀಟರ್ ಎತ್ತರಕ್ಕೆ ಏರುತ್ತದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಏರು 50ಕ್ಕೆ 1, ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಏರು. ಇಲ್ಲಿ ಕೆಲವೆಡೆ 14ಕ್ಕೆ 1. ನೆತ್ತಿಯಲ್ಲಿ ಎರಡು ಕೆರೆಗಳು ಅಕ್ಕಪಕ್ಕದಲ್ಲಿವೆ. ಲೇಯ್ ನೈರ್‌ನ ನೀರು ಇನ್ ಮತ್ತು ಡಾನ್ಯೂಬ್ ನದಿಗಳನ್ನು ಸೇರಿ ಕಪ್ಪು ಸಮುದ್ರಕ್ಕೆ ಹೋದರೆ, ಲಾಗೋ ಬಿಯಾಂಕೋದ ನೀರು ಏಡ್ರಿಯಾಟಿಕ್ ಸಮುದ್ರಕ್ಕೆ ಇಳಿಯುತ್ತದೆ.

ಭಾಷೆಯೂ ಅಲ್ಲಿಯೇ ಬದಲಾಗುತ್ತದೆ. ಇಳಿಜಾರಿನ ಪೊಸ್ಕಿಯಾವೋದಲ್ಲಿ ತರಕಾರಿ ಚೀಲ ಹಿಡಿದು ಹತ್ತಿದ ಅಜ್ಜಿಯೊಬ್ಬರು "ಬುವೊಂಜೋರ್ನೋ" ಎಂದು ಇಟಾಲಿಯನ್ ಭಾಷೆಯಲ್ಲಿ ನಮಸ್ಕಾರ ಹೇಳಿ ಎದುರಿಗೆ ಕುಳಿತಾಗ ನಾವಿನ್ನೂ ಸ್ವಿಟ್ಜರ್‌ಲೆಂಡ್‌ನಲ್ಲಿಯೇ ಇದ್ದೆವು. ಗಡಿಗೆರೆ ಒಂದು ಕಡೆ, ಮನೆಮಾತಿನ ಗೆರೆ ಇನ್ನೊಂದು ಕಡೆ. ಕಾಸರಗೋಡಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ರೂಸಿಯೋದಲ್ಲಿ ರೈಲು ಕಲ್ಲಿನ ಕಮಾನು ಸೇತುವೆಯನ್ನು ಹಾದು ಪೂರ್ತಿ ಸುತ್ತು ಹಾಕಿ, ತಾನು ಈಗಷ್ಟೇ ದಾಟಿದ ಸೇತುವೆಯ ಕಮಾನಿನಡಿಯೇ ನುಸುಳಿ ಕೆಳಗಿಳಿಯುತ್ತದೆ. ಕಿಟಕಿಯಿಂದ ನಮ್ಮದೇ ರೈಲಿನ ಕೆಂಪು ಬೋಗಿಗಳು ಎದುರಿಗೆ ಬಾಗುವುದನ್ನು ಕಂಡೆ.

ಎರಡೂ ದೇಶಗಳು ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ವಲಯದಲ್ಲಿರುವುದರಿಂದ ನನ್ನ ವೀಸಾವನ್ನು ಗಡಿಯಲ್ಲಿ ಯಾರೂ ಕೇಳಲಿಲ್ಲ. ಆದರೂ ಪಾಸ್‌ಪೋರ್ಟ್ ಕೈಗೆ ಸಿಗುವಂತಿರಬೇಕು. ತಿರಾನೋದಲ್ಲಿ ಸ್ವಿಸ್ ನಿಲ್ದಾಣದ ಪಕ್ಕದಲ್ಲಿಯೇ ಇಟಲಿಯ ನಿಲ್ದಾಣವಿದೆ. ಅಲ್ಲಿ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ ಬೀಳಬಹುದು. ನನಗೆ ಅದು ನೆನಪಾದದ್ದು ಬೋಗಿಯಲ್ಲಿ ಕುಳಿತ ಮೇಲೆ; ಓಡಿ ಬಂದು ಒತ್ತಿಸಿ ಮರಳುವಷ್ಟರಲ್ಲಿ ಮಿಲಾನ್ ರೈಲಿನ ಬಾಗಿಲು ಮುಚ್ಚುವುದರಲ್ಲಿತ್ತು.